ಭೋಗ್ಯದ ಮನೆಗಾಗಿ ಒಡವೆ ಅಡವಿಡಬೇಕೇ?

ಪ್ರಶ್ನೆ: ನಾನು ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್, ಪತಿ ಬಾಡಿಗೆ ಆಟೊ ಓಡಿಸುತ್ತಾರೆ. ಇಬ್ಬರ ದುಡಿಮೆ ಸೇರಿ ತಿಂಗಳಿಗೆ 24 ಸಾವಿರ ರೂಪಾಯಿ. ಹೆಗ್ಗನಹಳ್ಳಿಯ ನಮ್ಮ ಮನೆಯ ಬಾಡಿಗೆ 8,500 ಇತ್ತು, ಈಗ 10,000 ಕೇಳುತ್ತಿದ್ದಾರೆ. 6 ಲಕ್ಷಕ್ಕೆ ಮೂರು ವರ್ಷದ ಭೋಗ್ಯದ ಮನೆಯೊಂದು ಬಂದಿದೆ. ಉಳಿತಾಯ 3 ಲಕ್ಷವಿದೆ. ಉಳಿದದ್ದಕ್ಕೆ ನನ್ನ ಒಡವೆಯನ್ನು ನೂರಕ್ಕೆ 2 ರೂಪಾಯಿ ಬಡ್ಡಿಗೆ ಅಡವಿಡೋಣ ಎನ್ನುತ್ತಾರೆ ಪತಿ. ನನಗೆ ಭಯ, ಅವರಿಗೆ ಅದು ಹಟದಂತೆ ಕಾಣುತ್ತದೆ.

ಉತ್ತರ: ನಿಮ್ಮ ಭಯಕ್ಕೆ ಕಾರಣವಿದೆ, ತಾಯಿ. ದುಡಿದದ್ದರಲ್ಲಿ ಐದನೆಯ ಎರಡು ಪಾಲಿಗಿಂತ ಹೆಚ್ಚು ಸೂರಿಗೇ ಹೋಗುವಾಗ ಬಾಡಿಗೆಯಿಲ್ಲದ ಮನೆಯ ಆಸೆ ನಿಮ್ಮ ಪತಿಯಲ್ಲಿ ಹುಟ್ಟಿದ್ದೂ ಸಹಜವೇ, ಅವರನ್ನು ದೂಷಿಸಬೇಡಿ. ಆದರೆ 3 ಲಕ್ಷಕ್ಕೆ ನೂರಕ್ಕೆ 2ರಂತೆ ತಿಂಗಳಿಗೆ 6,000 ರೂಪಾಯಿ ಬಡ್ಡಿಯೇ ಆಗುತ್ತದೆ. ಬಾಡಿಗೆಯಲ್ಲಿ ಉಳಿಯುವುದು 4,000 ಮಾತ್ರ, ಒಡವೆ ಬಿಡಿಸುವ ಅಸಲು ಹಾಗೆಯೇ ನಿಂತಿರುತ್ತದೆ. ಅಡವಿಡಲೇಬೇಕಾದರೆ ರಾಷ್ಟ್ರೀಕೃತ ಬ್ಯಾಂಕಿನಲ್ಲಿಡಿ. ಅಲ್ಲಿ ಚಿನ್ನದ ಸಾಲದ ಬಡ್ಡಿ ಇದರ ಅರ್ಧಕ್ಕಿಂತಲೂ ಕಡಿಮೆ.

ಬಡ್ಡಿಗಿಂತ ದೊಡ್ಡ ಅಪಾಯ ಮನೆಯ ಕಾಗದಪತ್ರಗಳಲ್ಲಿದೆ. ಬೆಂಗಳೂರಿನ ಹೊರವಲಯಗಳಲ್ಲಿ ಬ್ಯಾಂಕ್ ಸಾಲದಿಂದ ಕಟ್ಟಿಸಿದ ಮನೆಯನ್ನೇ ಭೋಗ್ಯಕ್ಕೆ ಕೊಟ್ಟು, ಆ ಹಣವನ್ನು ಬೇರೆಲ್ಲೋ ತೊಡಗಿಸಿ, ಕೊನೆಗೆ ಕಂತು ಕಟ್ಟಲಾಗದೆ ಕೈಚೆಲ್ಲುವ ಮಾಲೀಕರಿದ್ದಾರೆ. ಆಗ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕ್ ಮನೆಯನ್ನು ವಶಪಡಿಸಿಕೊಳ್ಳುತ್ತದೆ, ಮೊದಲೇ ಅಡಮಾನ ಪಡೆದ ಬ್ಯಾಂಕಿನ ಹಕ್ಕಿನ ಮುಂದೆ ಭೋಗ್ಯದಾರರ ಹಕ್ಕು ನಿಲ್ಲುವುದು ಕಷ್ಟ. ಆದ್ದರಿಂದ ಮನೆಯ ಮೇಲಿನ ನೋಂದಾಯಿತ ಸಾಲಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರವನ್ನು (ಇ.ಸಿ.) ತೆಗೆಸಿದರಷ್ಟೇ ಸಾಲದು, ಏಕೆಂದರೆ ಮೂಲಪತ್ರಗಳನ್ನು ಒತ್ತೆಯಿಟ್ಟು ಪಡೆದ ಸಾಲ ಅದರಲ್ಲಿ ಕಾಣದೆಯೂ ಇರಬಹುದು. ಕ್ರಯಪತ್ರದ ಮೂಲ ಪ್ರತಿಯನ್ನೇ ಕಣ್ಣಾರೆ ನೋಡಬೇಕು. ಮೂರು ವರ್ಷದ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕೆಂದು ಕಾನೂನು ಹೇಳುತ್ತದೆ. ಛಾಪಾ ಕಾಗದದ ಮೇಲೆ ಹನ್ನೊಂದು ತಿಂಗಳಿಗೆ ಬರೆದುಕೊಡುತ್ತೇವೆ, ಮುಂದೆ ನೋಡಿಕೊಳ್ಳೋಣ ಎಂಬ ದಲ್ಲಾಳಿಯ ಮಾತಿಗೆ ದಯವಿಟ್ಟು ಒಪ್ಪಬೇಡಿ.

ಇನ್ನೊಂದು ವಿಷಯ. ನಿಮ್ಮ ವಾರ್ಷಿಕ ಆದಾಯ 3 ಲಕ್ಷದೊಳಗಿದೆ. ದೇಶದ ಯಾವ ಭಾಗದಲ್ಲೂ ನಿಮ್ಮ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇಲ್ಲದಿದ್ದರೆ, ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದಲ್ಲಿ ಆರ್ಥಿಕವಾಗಿ ದುರ್ಬಲ ವರ್ಗದವರಾಗಿ ಅರ್ಜಿ ಹಾಕಲು ಅವಕಾಶವಿದೆಯೇ ಎಂದು ವಿಚಾರಿಸಿ. ಮನೆ ನಾಳೆಯೇ ಸಿಗದು. ಸಿಕ್ಕಾಗ ನಿಮ್ಮ ಪಾಲಿನ ಹಣವಾಗಿ ಉಳಿತಾಯದ ಆ 3 ಲಕ್ಷ ಬೇಕಾಗುತ್ತದೆ.

ಪತಿಯೊಂದಿಗೆ ವಾದಕ್ಕಿಳಿಯದೆ, ಒಂದು ಭಾನುವಾರ ಇಬ್ಬರೂ ಆ ಮನೆಯ ಮಾಲೀಕರ ಬಳಿ ಹೋಗಿ ಮೂಲಪತ್ರ ಕೇಳಿ. ಅವರು ಜೆರಾಕ್ಸ್ ಮಾತ್ರ ತೋರಿಸಿದರೆ ಹಿಂತಿರುಗಿ ಬನ್ನಿ. ಈಗಿನ ಮಾಲೀಕರೊಂದಿಗೆ ಈ ವರ್ಷ 9,000, ಮುಂದಿನ ವರ್ಷ 10,000 ಎಂದು ಮಾತಾಡಿ ನೋಡಿ.