ರಾಜ್ಯಗಳ ಸಾಲವನ್ನೂ ಹ್ಯಾಮಿಲ್ಟನ್ ಏಕೆ ಮೈಮೇಲೆ ಹಾಕಿಕೊಂಡ?

ಪ್ರಶ್ನೆ: ಅಮೆರಿಕದ ಹಣಕಾಸು ವ್ಯವಸ್ಥೆ ಕಟ್ಟಿದವನು ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂದು ಓದಿದೆ. ಸ್ವಾತಂತ್ರ್ಯ ಯುದ್ಧದ ಸಾಲದಲ್ಲೇ ಮುಳುಗಿದ್ದ ಕೇಂದ್ರ ಸರ್ಕಾರ ರಾಜ್ಯಗಳ ಸಾಲವನ್ನೂ ವಹಿಸಿಕೊಂಡಿದ್ದು ಜಾಣತನ ಹೇಗಾಯಿತು? ಲಾಭವಾಗಿದ್ದು ದುಡ್ಡಿದ್ದವರಿಗೇ ಅಲ್ಲವೇ?

ಉತ್ತರ: ನಿಮ್ಮ ಎರಡನೇ ಅನುಮಾನದಲ್ಲಿ ಹುರುಳಿದೆ. ಮೊದಲು ಸಾಲದ ಲೆಕ್ಕ ನೋಡೋಣ.

1789ರಲ್ಲಿ ಹ್ಯಾಮಿಲ್ಟನ್ ಖಜಾನೆಯ ಮೊದಲ ಕಾರ್ಯದರ್ಶಿಯಾದಾಗ ಕೇಂದ್ರದ ಸಾಲ ಸುಮಾರು 5.4 ಕೋಟಿ ಡಾಲರ್, ರಾಜ್ಯಗಳದ್ದು ಸುಮಾರು 2.5 ಕೋಟಿ. ಬಡ್ಡಿ ಬಾಕಿ ಬಿದ್ದು ಸಾಲಪತ್ರಗಳು ಮುಖಬೆಲೆಯ ಸಣ್ಣ ಪಾಲಿಗೆ ಕೈ ಬದಲಾಯಿಸುತ್ತಿದ್ದವು. 1790ರ ಜನವರಿಯ ತನ್ನ ವರದಿಯಲ್ಲಿ ಆತ ಅಸಲನ್ನು ತಕ್ಷಣ ತೀರಿಸುವ ಮಾತಾಡಲಿಲ್ಲ. ಹಳೆಯ ಪತ್ರ ಪಡೆದು ಹೊಸದು ಕೊಡುವುದು, ಬಡ್ಡಿ ತಪ್ಪದಂತೆ ಆಮದು ಸುಂಕದಂಥ ವರಮಾನವನ್ನು ಅದಕ್ಕೇ ಕಟ್ಟಿಹಾಕುವುದು, ಇದು ಯೋಜನೆ. ಸಾಲ ಕೊಟ್ಟವರೂ ಸ್ವಲ್ಪ ಬಿಟ್ಟುಕೊಡಬೇಕಾಯಿತು: ಹೊಸ ಪತ್ರಗಳಲ್ಲಿ ಕೆಲವಕ್ಕೆ 1801ರವರೆಗೆ ಬಡ್ಡಿಯೇ ಇರಲಿಲ್ಲ.

ರಾಜ್ಯಗಳ ಸಾಲ ವಹಿಸಿಕೊಂಡಿದ್ದರ ಹಿಂದೆ ದೊಡ್ಡ ರಾಜಕೀಯ ಲೆಕ್ಕಾಚಾರವಿತ್ತು. ಸಾಲ ಕೊಟ್ಟ ಉಳ್ಳವರೆಲ್ಲ ಬಡ್ಡಿಗಾಗಿ ಒಂದೇ ಸರ್ಕಾರದ ಕಡೆ ನೋಡಿದರೆ, ಆ ಸರ್ಕಾರ ಬಾಳಲಿ ಎಂದು ಬಯಸುವವರೂ ಅವರೇ. ತನ್ನ ಸಾಲವನ್ನು ಬಹುಪಾಲು ತೀರಿಸಿದ್ದ ವರ್ಜೀನಿಯಾ ಸಿಟ್ಟಾಯಿತು. ಮಸೂದೆ ಏಪ್ರಿಲ್‌ನಲ್ಲಿ ಪ್ರತಿನಿಧಿ ಸಭೆಯಲ್ಲಿ ಬಿದ್ದೂ ಹೋಯಿತು. ಜೂನ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ಜೆಫರ್ಸನ್ ಮನೆಯ ಊಟದಲ್ಲಿ, ಪ್ರತಿನಿಧಿ ಸಭೆಯಲ್ಲಿ ವರ್ಜೀನಿಯಾದ ನಾಯಕನಾಗಿದ್ದ ಮ್ಯಾಡಿಸನ್ ಜತೆ ಹ್ಯಾಮಿಲ್ಟನ್‌ಗೆ ಕೊಡುಕೊಳ್ಳುವ ಮಾತಾಯಿತು: ದಕ್ಷಿಣದವರು ವಿರೋಧ ಸಡಿಲಿಸುವುದು, ರಾಜಧಾನಿ ಪೊಟೊಮ್ಯಾಕ್ ನದಿಯ ದಡಕ್ಕೆ ಹೋಗುವುದು. ಇಂದಿನ ವಾಷಿಂಗ್ಟನ್ ಅಲ್ಲಿರುವುದಕ್ಕೆ ಈ ಸಾಲವೂ ಕಾರಣ.

ಇನ್ನು ನಿಮ್ಮ ಆಕ್ಷೇಪ. ಸಂಬಳದ ಬದಲು ಪತ್ರ ಪಡೆದ ಸೈನಿಕರು ಹೊಟ್ಟೆಪಾಡಿಗೆ ಅದನ್ನು ಅಗ್ಗಕ್ಕೆ ಮಾರಿಕೊಂಡಿದ್ದರು. ಕೊಂಡವರಿಗೆ ಪೂರ್ತಿ ಬೆಲೆ ಬೇಡ, ಮೂಲ ಮಾಲೀಕರಿಗೂ ಪಾಲಿರಲಿ ಎಂದು ಮ್ಯಾಡಿಸನ್ ವಾದಿಸಿದ. ಸಭೆ 36–13 ಮತಗಳಿಂದ ತಳ್ಳಿಹಾಕಿತು. ಪತ್ರ ಯಾರ ಕೈಯಲ್ಲಿದೆಯೋ ಹಣ ಅವರಿಗೇ ಎಂಬ ಖಾತರಿ ಹೋದರೆ ಮುಂದೆ ಯಾರೂ ಸರ್ಕಾರದ ಪತ್ರ ಕೊಳ್ಳುವುದಿಲ್ಲ ಎಂಬುದು ಹ್ಯಾಮಿಲ್ಟನ್ ವಾದ. ಮಾರುಕಟ್ಟೆಯ ದೃಷ್ಟಿಯಿಂದ ಅದು ಸರಿ. ಆದರೆ ಆ ಸೈನಿಕರಿಗೆ ಬೇರೆ ದಾರಿಯಿಂದ ಏನಾದರೂ ಕೊಡಬಹುದಿತ್ತು ಎಂದೇ ನನ್ನ ಅಭಿಪ್ರಾಯ.

1791ರಲ್ಲಿ ಹ್ಯಾಮಿಲ್ಟನ್ ಯೋಜನೆಯಂತೆ ಒಂದು ಕೋಟಿ ಡಾಲರ್ ಬಂಡವಾಳದ ರಾಷ್ಟ್ರೀಯ ಬ್ಯಾಂಕ್ ಬಂತು. ಐದನೇ ಒಂದು ಪಾಲು ಸರ್ಕಾರದ್ದು, ಉಳಿದದ್ದು ಖಾಸಗಿಯವರದು. ಮರುವರ್ಷವೇ, ಹ್ಯಾಮಿಲ್ಟನ್‌ಗೆ ಸಹಾಯಕನಾಗಿದ್ದ ವಿಲಿಯಂ ಡ್ಯೂಯರ್‌ನ ಸಟ್ಟಾ ಕುಸಿದು ಪೇಟೆ ತತ್ತರಿಸಿತು. ಹ್ಯಾಮಿಲ್ಟನ್ ಹಳೆಯ ಸಹಾಯಕನನ್ನು ಉಳಿಸಲಿಲ್ಲ, ಅವನು ಜೈಲಿಗೆ ಹೋದ. ಬದಲಿಗೆ ಸಾಲ ತೀರಿಸಲು ಇಟ್ಟಿದ್ದ ನಿಧಿಯಿಂದ ಸರ್ಕಾರಿ ಪತ್ರಗಳನ್ನು ಕೊಂಡು ಬೆಲೆಗೆ ಆಸರೆ ಕೊಟ್ಟ. ಇಂದು ಕೇಂದ್ರೀಯ ಬ್ಯಾಂಕುಗಳು ಬಿಕ್ಕಟ್ಟಿನಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಬ್ಯಾಂಕಿನ 20 ವರ್ಷದ ಸನ್ನದು (ನಡೆಸಲು ಸರ್ಕಾರ ಕೊಟ್ಟ ಅನುಮತಿ) 1811ರಲ್ಲಿ ನವೀಕರಣವಾಗಲಿಲ್ಲ. ಮರುವರ್ಷ ಬ್ರಿಟನ್ ಜತೆ ಯುದ್ಧ ಶುರುವಾಗಿ, ಸಾಲ ಎತ್ತಲು ಸರ್ಕಾರ ಪರದಾಡಿತು. 1816ರಲ್ಲಿ ಎರಡನೇ ಬ್ಯಾಂಕಿನ ಮಸೂದೆಗೆ ಸಹಿ ಹಾಕಿದ ಅಧ್ಯಕ್ಷ ಬೇರೆ ಯಾರೂ ಅಲ್ಲ, ಮೊದಲನೆಯದು ಸಂವಿಧಾನಬಾಹಿರ ಎಂದು ಹೋರಾಡಿದ್ದ ಮ್ಯಾಡಿಸನ್.