ಬೇಕಲ ಕೋಟೆಯಲ್ಲಿ ವಾದ್ಯಗೋಷ್ಠಿ ಇಟ್ಟು ರೆಕಾರ್ಡ್ ಮಾಡಬಹುದಾ? ಏನೆಲ್ಲ ಬೇಕು?

ನೀವು ಕೇಳಿದ್ದು ಇಷ್ಟು: ಗ್ರೀಸ್ ಮೂಲದ ವಾದ್ಯಸಂಗೀತಗಾರ ಯಾನಿ ಅಥೆನ್ಸ್‌ನಲ್ಲಿ ಮಾಡಿದ ಹಾಗೆ ಕಾಸರಗೋಡಿನ ಬೇಕಲ ಕೋಟೆಯೊಳಗೆ ಸ್ಯಾಕ್ಸೋಫೋನ್, ಪಿಟೀಲು, ಕೊಳಲು, ಮದ್ದಳೆ, ಚೆಂಡೆ ಸೇರಿಸಿ ಹಾಡುಗಾರಿಕೆ ಇಲ್ಲದ ಒಂದು ಗೋಷ್ಠಿ ಇಡಬೇಕು, ಸಾವಿರ ಜನ ಕೂರಬೇಕು, ಅದೇ ಸಂಜೆ ಪೂರ್ತಿ ರೆಕಾರ್ಡ್ ಆಗಬೇಕು. ನಾನು ಕುಂಬಳೆ ಕಡೆಯವನು. ಯಕ್ಷಗಾನ, ಜಾತ್ರೆ, ಕಛೇರಿಗಳಿಗೆ ಸೌಂಡ್ ಮಾಡುವುದೇ ಕೆಲಸ. ನನ್ನನ್ನು ಕೇಳಿದರೆ, ರೆಕಾರ್ಡಿಂಗ್ ಕೋಟೆಯೊಳಗೆ ಇರಲಿ, ಜನ ಬೇರೆ ದಿನ ಹೊರಗೆ ಕೂರಲಿ. ಎರಡನ್ನೂ ಒಂದೇ ಸಂಜೆಗೆ ಗಂಟು ಹಾಕಿದರೆ ಎರಡೂ ಕೆಡುತ್ತವೆ.

1993ರ ಸೆಪ್ಟೆಂಬರ್‌ನಲ್ಲಿ ಯಾನಿ ನುಡಿಸಿದ್ದು ಅಕ್ರೊಪೊಲಿಸ್ ಗುಡ್ಡದ ಮೇಲಲ್ಲ. ಅದರ ಬುಡದಲ್ಲಿರುವ ಹೆರೋಡಿಸ್ ಆಟಿಕಸ್ ರಂಗಮಂದಿರದಲ್ಲಿ. ಕ್ರಿ.ಶ. ಎರಡನೇ ಶತಮಾನದಲ್ಲಿ ಅದನ್ನು ಕಟ್ಟಿದ್ದೇ ಸಂಗೀತಕ್ಕೆ. ಅರ್ಧಚಂದ್ರದ ಆಕಾರದಲ್ಲಿ ಕಡಿದಾದ ಕಲ್ಲಿನ ಮೆಟ್ಟಿಲು, ಸುಮಾರು 5,000 ಜನ ಕೂರುವ ಜಾಗ, ವೇದಿಕೆಯ ಬೆನ್ನಿಗೆ ಎತ್ತರದ ಕಲ್ಲಿನ ಗೋಡೆ. ದನಿ ಹೊರಗೆ ಓಡಿಹೋಗದ ಹಾಗೆ ಕಟ್ಟಿದ ಜಾಗ ಅದು. ಬೇಕಲದ ಕತೆಯೇ ಬೇರೆ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಎದ್ದ ಈ ಕೋಟೆ ಇದ್ದದ್ದು ಸಮುದ್ರ ಕಾಯಲಿಕ್ಕೆ. ಒಳಗೆ ನಾಲ್ಕೂ ಕಡೆ ಬಯಲು. ಗೋಡೆಯೋ, ನಮ್ಮ ಮುರಕಲ್ಲು. ಮೈಯೆಲ್ಲ ತೂತು ಇರುವ ಕಲ್ಲು, ನುಣುಪು ಕಲ್ಲಿನಷ್ಟು ದನಿಯನ್ನು ತಿರುಗಿಸಿ ಕೊಡುವುದಿಲ್ಲ. ಅದೂ ಹತ್ತಿರದಲ್ಲಿ ಇದ್ದರೆ ತಾನೆ! ನುಡಿಸಿದ್ದು ಸೀದಾ ಅರಬ್ಬಿ ಸಮುದ್ರಕ್ಕೆ.

ತಾಜ್ ಮಹಲ್‌ನಲ್ಲಿ ಮಾಡಲಿಲ್ವಾ ಅಂತ ನೀವು ಕೇಳಬಹುದು. 1997ರ ಮಾರ್ಚ್‌ನಲ್ಲಿ ಅಲ್ಲೂ ವೇದಿಕೆ ಇದ್ದದ್ದು ಕಟ್ಟಡದ ಒಳಗಲ್ಲ, ಯಮುನೆಯ ದಂಡೆಯಲ್ಲಿ. ತಾಜ್ ಹಿನ್ನೆಲೆಯಲ್ಲಿ ಕಾಣುತ್ತಿತ್ತು, ಅಷ್ಟೆ. ನಿಮಗೆ ಜಾಸ್ತಿ ಹೊಂದುವುದು ಅದಕ್ಕಿಂತ ಹಳೆಯ ಇನ್ನೊಂದು ಉದಾಹರಣೆ. 1971ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ಅನ್ನುವ ರಾಕ್ ತಂಡ ಇಟಲಿಯ ಪಾಂಪೇಯಿಯ ರೋಮನ್ ಬಯಲು ರಂಗದಲ್ಲಿ ಪ್ರೇಕ್ಷಕರೇ ಇಲ್ಲದೆ ನುಡಿಸಿ ಚಿತ್ರೀಕರಿಸಿಕೊಂಡಿತು. ಅಲ್ಲಿ ಅವರಿಗೆ ತಲೆನೋವಾದದ್ದು ಕರೆಂಟು. ಕೊನೆಗೆ ಊರೊಳಗಿಂದ ಕೇಬಲ್ ಎಳೆದು ತರಬೇಕಾಯಿತು.

ಅನುಮತಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಬೇಕಲ ಕೋಟೆ ಕೇಂದ್ರದ ಪುರಾತತ್ವ ಇಲಾಖೆಯದ್ದು, ತ್ರಿಶ್ಶೂರ್ ವಲಯಕ್ಕೆ ಸೇರುತ್ತದೆ. 1959ರ ನಿಯಮಗಳ ಪ್ರಕಾರ ಸಂರಕ್ಷಿತ ಸ್ಮಾರಕದೊಳಗೆ ಸಭೆ, ಮನರಂಜನೆ ಏನೇ ಇಟ್ಟರೂ ಕೇಂದ್ರ ಸರ್ಕಾರದ ಲಿಖಿತ ಅನುಮತಿ ಬೇಕು. ಚಿತ್ರೀಕರಣದ ಪರವಾನಗಿ ಬೇರೆಯೇ. ಡ್ರೋನ್‌ಗೆ ಮತ್ತೊಂದು ಅರ್ಜಿ. ಸ್ಪೀಕರ್ ಹಾಕಿದರೆ ಪೊಲೀಸರ ಅನುಮತಿ ಬೇಕು, ಮತ್ತು 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಂದ್. ಕೋಟೆಯೊಳಗೆ ಒಂದು ಗೂಟವನ್ನೂ ಹೊಡೆಯುವ ಹಾಗಿಲ್ಲ, ಗೋಡೆಗೆ ಮೊಳೆಯಂತೂ ಕೇಳಲೇ ಬೇಡಿ. ಸ್ಟ್ಯಾಂಡು, ಚಪ್ಪರ ಏನಿದ್ದರೂ ಮರಳಿನ ಚೀಲದ ಭಾರದಲ್ಲೇ ನಿಲ್ಲಬೇಕು. ಸಾವಿರ ಜನರ ಕಾರ್ಯಕ್ರಮಕ್ಕೆ ಅನುಮತಿ ಕೇಳುವುದಕ್ಕೂ, ಎಂಟು ಜನ ವಾದ್ಯದವರು ಮತ್ತು ನಾಲ್ಕು ಕ್ಯಾಮೆರಾಕ್ಕೆ ಕೇಳುವುದಕ್ಕೂ ಎಷ್ಟು ವ್ಯತ್ಯಾಸ ಅಂತ ನಿಮಗೇ ಗೊತ್ತಾಗುತ್ತದೆ.

ಈಗ ಗಾಳಿ. ಎಲ್ಲರೂ ಮೊದಲು ಲೈಟಿಂಗ್ ಬಗ್ಗೆ ಮಾತಾಡುತ್ತಾರೆ, ನಾನು ಮೊದಲು ಗಾಳಿ ನೋಡುತ್ತೇನೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ನಮ್ಮ ಕರಾವಳಿಯಲ್ಲಿ ಮಳೆಯ ಕಾಟ ಕಡಿಮೆ. ಆದರೆ ಮಧ್ಯಾಹ್ನ ದಾಟಿದ ಮೇಲೆ ಕಡಲಗಾಳಿ ಶುರುವಾಗಿ ಸಂಜೆವರೆಗೂ ಬೀಸುತ್ತದೆ. ಎಲ್ಲರೂ ಆಸೆಪಡುವ ಆ ಸೂರ್ಯಾಸ್ತದ ಹೊತ್ತಿನಲ್ಲೇ ಮೈಕಿನೊಳಗೆ ಬುರುಬುರು ಅಂತ ಗಾಳಿ ಜಾಸ್ತಿ. ಮೈಕಿನ ತಲೆಗೆ ಬರೀ ಸ್ಪಂಜ್ ಹಾಕಿದರೆ ಸಾಲದು, ಅದರ ಮೇಲೆ ಉದ್ದ ಕೂದಲಿನ ತುಪ್ಪಳದ ಕವರ್ ಬೇಕು. ಮಿಕ್ಸರ್‌ನಲ್ಲಿ 80 ಅಥವಾ 100 ಹರ್ಟ್ಸ್‌ಗಿಂತ ಕೆಳಗಿನ ದಪ್ಪ ದನಿಯನ್ನು ಕತ್ತರಿಸಬಹುದು. ಪಿಟೀಲು, ಕೊಳಲಿಗೆ ಅದರಿಂದ ನಷ್ಟ ಇಲ್ಲ. ಮದ್ದಳೆಯ ಎಡದ ಮುಚ್ಚಿಗೆಗೆ, ಅಂದರೆ ಎಡಬದಿಯ ಚರ್ಮಕ್ಕೆ, ಹಾಗೆ ಮಾಡಿದರೆ ಅದರ ಗುಮ್ಮು ಹೋಗಿ ಸುಮ್ನೆ ಟಪ್ ಟಪ್ ಉಳಿಯುತ್ತದೆ.

ಅದಕ್ಕೇ ಬೆಳಿಗ್ಗೆ ಮಾಡಿ ಅನ್ನುತ್ತೇನೆ. ಬೆಳಗಿನ ಹೊತ್ತು ಗಾಳಿ ನೆಲದ ಕಡೆಯಿಂದ, ಅದೂ ಮೆಲ್ಲಗೆ. ಸೂರ್ಯ ಪೂರ್ವದಲ್ಲಿ ಇರುವುದರಿಂದ ಸಮುದ್ರವನ್ನು ಹಿನ್ನೆಲೆಗೆ ಇಟ್ಟರೂ ವಾದ್ಯದವರ ಮುಖಕ್ಕೆ ಬೆಳಕು ಬೀಳುತ್ತದೆ. ಸಂಜೆ ಅದೇ ಜಾಗದಲ್ಲಿ ಕೂರಿಸಿದರೆ ಮುಖವೆಲ್ಲ ಕಪ್ಪು. ಕೋಟೆಯ ಬಾಗಿಲು ಸಾರ್ವಜನಿಕರಿಗೆ ಸಾಮಾನ್ಯವಾಗಿ ತೆರೆಯುವುದು 8 ಗಂಟೆಗೆ, ಆದ್ದರಿಂದ ಅರ್ಜಿಯಲ್ಲೇ ಮುಂಚಿನ ಹೊತ್ತನ್ನು ಸ್ಪಷ್ಟವಾಗಿ ಕೇಳಬೇಕು. ಬೆಳಗಿನ ಒಂದೇ ತೊಂದರೆ ಇಬ್ಬನಿ. ಮದ್ದಳೆ, ಚೆಂಡೆಯ ಚರ್ಮ ತೇವ ಹೀರಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಬಟ್ಟೆ ಸುತ್ತಿಟ್ಟು, ಬಿಸಿಲು ಬಿದ್ದ ಮೇಲೆ ಸ್ವಲ್ಪ ಕಾಯಿಸಿ, ಬಿಗಿ ಮಾಡಿ ಶುರು ಮಾಡಬೇಕು. ಪ್ರತಿ ರಾಗಕ್ಕೆ ಮುಂಚೆ ಶ್ರುತಿ ನೋಡಿಕೊಳ್ಳುವ ತಾಳ್ಮೆ ಇರುವ ಕಲಾವಿದರನ್ನೇ ಕರೆಯಿರಿ.

ಜನ ಇಲ್ಲದಿದ್ದರೆ ಸ್ಪೀಕರ್ ಬೇಡ. ಇದರ ಲಾಭ ಎಷ್ಟು ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ಸ್ಪೀಕರ್ ಇಲ್ಲ ಅಂದರೆ ದೊಡ್ಡ ಜನರೇಟರ್ ಇಲ್ಲ. ಜನರೇಟರ್ ಇಲ್ಲ ಅಂದರೆ ಅದರ ಗುರ್ರ್ ಇಲ್ಲ, ಅರ್ತಿಂಗ್ ಸರಿ ಇಲ್ಲದೆ ಬರುವ 50 ಹರ್ಟ್ಸ್‌ನ ಗುಂಯ್ ಸದ್ದೂ ಇಲ್ಲ. ಮಿಕ್ಸರ್, ರೆಕಾರ್ಡರ್ ಎರಡೂ ಬ್ಯಾಟರಿಯಲ್ಲಿ ಓಡುತ್ತವೆ. ವಾದ್ಯದವರ ಕಿವಿಗೆ ಇಯರ್‌ಫೋನ್, ಅದರಲ್ಲೇ ಶ್ರುತಿ ಪೆಟ್ಟಿಗೆಯ ದನಿ. ಸ್ಪೀಕರ್‌ನ ದನಿ ತಿರುಗಿ ಮೈಕಿಗೆ ಬರುವ ಪ್ರಶ್ನೆಯೇ ಇಲ್ಲ.

ಉಳಿಯುವ ರಗಳೆ ಚೆಂಡೆ. ಅದು ಮೂರು ಮೈಲಿಗೆ ಕೇಳಲಿ ಅಂತಲೇ ಇರುವ ವಾದ್ಯ. ಪಿಟೀಲಿನವರ ಪಕ್ಕ ಕೂರಿಸಿದರೆ ಪಿಟೀಲಿನ ಮೈಕಿನಲ್ಲಿ ಬರುವುದೆಲ್ಲ ಚೆಂಡೆಯೇ. ಚೆಂಡೆಯವರನ್ನು ಹತ್ತು ಹನ್ನೆರಡು ಅಡಿ ದೂರ, ಒಂದು ಪಕ್ಕಕ್ಕೆ ನಿಲ್ಲಿಸಿ. ಪಿಟೀಲಿಗೆ ಮೈಕಿನ ಜೊತೆ ಕುದುರೆಗೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಮರದ ತುಂಡಿಗೆ, ಅಂಟಿ ಅದರ ಕಂಪನವನ್ನೇ ಹಿಡಿಯುವ ಪಿಕಪ್ ಕೂಡ ಹಾಕಿ. ಮಿಕ್ಸ್ ಮಾಡುವಾಗ ಎರಡನ್ನೂ ಬೆರೆಸಬಹುದು. ಪ್ರತಿ ಮೈಕೂ ಬೇರೆ ಬೇರೆ ಟ್ರ್ಯಾಕ್, ರೆಕಾರ್ಡರ್‌ನ ಸೆಟ್ಟಿಂಗ್ 24 ಬಿಟ್, 48 ಕಿಲೋಹರ್ಟ್ಸ್. ಎರಡು ರೆಕಾರ್ಡರ್ ಒಟ್ಟಿಗೆ ಓಡಲಿ. ಕೊನೆಗೆ ಎಲ್ಲರನ್ನೂ ಸುಮ್ಮನಿರಿಸಿ ಹತ್ತು ನಿಮಿಷ ಬರೀ ಅಲೆಯ ದನಿ ತೆಗೆದುಕೊಳ್ಳಿ. ಎಡಿಟಿಂಗ್‌ನಲ್ಲಿ ಒಂದು ರಾಗಕ್ಕೂ ಇನ್ನೊಂದಕ್ಕೂ ನಡುವೆ ಹಾಕಲು ಅದು ಬೇಕೇ ಬೇಕು.

ಜನರ ಕಾರ್ಯಕ್ರಮಕ್ಕೆ ಕೋಟೆಯ ಹತ್ತಿರದ ಪಳ್ಳಿಕೆರೆಯ ಬೀಚ್ ನೋಡಿ. 2022ರ ಡಿಸೆಂಬರ್‌ನಲ್ಲಿ ದೊಡ್ಡ ಬೀಚ್ ಉತ್ಸವ ನಡೆದದ್ದು ಅಲ್ಲೇ, ಕೋಟೆಯೊಳಗಲ್ಲ. ಅಲ್ಲಿ ವೇದಿಕೆಯ ಬೆನ್ನು ಸಮುದ್ರಕ್ಕೆ ಇರಲಿ. ಸಂಜೆಯ ಗಾಳಿ ದನಿಯನ್ನು ಜನರ ಕಡೆಗೇ ಒಯ್ಯುತ್ತದೆ. ತಿರುಗಿಸಿ ಕಟ್ಟಿದರೆ ಗಾಳಿಗೆ ಎದುರಾಗಿ ಹೋಗುವ ದನಿ ಮೇಲಕ್ಕೆ ಬಾಗಿ, ಹಿಂದಿನ ಸಾಲಿಗೆ ಏನೂ ಮುಟ್ಟುವುದಿಲ್ಲ. ಆದರೆ ಬೆನ್ನಿಗೆ ಫ್ಲೆಕ್ಸ್ ಕಟ್ಟಬೇಡಿ, ಅದು ದೋಣಿಯ ಹಾಯಿಯ ಹಾಗೆ ಗಾಳಿ ತುಂಬಿಕೊಂಡು ಪೂರ್ತಿ ಪೈಪ್‌ಗಳನ್ನೇ ಎಳೆಯುತ್ತದೆ. ಜನ ಹಿಂದಕ್ಕೆ ಉದ್ದ ಕೂರುವುದಾದರೆ ನಡುವೆ ಇನ್ನೊಂದು ಜೊತೆ ಸ್ಪೀಕರ್ ಬೇಕು. ಸದ್ದು 35 ಮೀಟರ್ ಹೋಗಲು ಸುಮಾರು 100 ಮಿಲಿಸೆಕೆಂಡ್ ಬೇಕು, ಆ ಎರಡನೇ ಜೊತೆ ಅಷ್ಟು ದೂರದಲ್ಲಿದ್ದರೆ ಅದಕ್ಕೆ ಅಷ್ಟೇ ಡಿಲೇ ಕೊಡಬೇಕು, ಅಂದರೆ ದನಿಯನ್ನು ಅಷ್ಟು ತಡವಾಗಿ ಬಿಡಬೇಕು. ಇಲ್ಲದಿದ್ದರೆ ಚೆಂಡೆಯ ಒಂದೊಂದು ಪೆಟ್ಟೂ ಎರಡೆರಡು ಸಲ ಕೇಳುತ್ತದೆ.

ಇನ್ನೊಂದು ವಿಷಯ. ಕೋಟೆಯ ಬಾಗಿಲಲ್ಲೇ ಮುಖ್ಯಪ್ರಾಣ ದೇವಸ್ಥಾನ ಇದೆ, ಬೆಳಗಿನ ಪೂಜೆಯ ಗಂಟೆ ಕೇಳುತ್ತದೆ. ರೈಲು ಹಳಿಯೂ ದೂರ ಇಲ್ಲ, ಹಾರ್ನ್ ಮೈಕಿಗೆ ಬರುತ್ತದೆ. ಪೂಜೆಯ ಹೊತ್ತನ್ನು ಅರ್ಚಕರಲ್ಲಿ ಕೇಳಿ, ರೈಲಿನ ವೇಳಾಪಟ್ಟಿ ಇಟ್ಟುಕೊಂಡು, ನಡುವೆ ಸಿಗುವ ಬಿಡುವಿಗೆ ಉದ್ದದ ರಾಗ ಹಾಕಿ. ಗಂಟೆ ಬಂದರೆ ನಾನಾದರೆ ಕತ್ತರಿಸುವುದಿಲ್ಲ. ರೈಲಿನ ಹಾರ್ನ್ ಬಂದರೆ ಮಾತ್ರ ಇನ್ನೊಂದು ಟೇಕ್.