ಡಿಸ್ಕ್ ಕಾಣುವುದಿಲ್ಲ ಅಂದರೆ ಹೋಗಿದೆ ಅಂತಲ್ಲ

ಪ್ರಶ್ನೆ: ನಮ್ಮದು ಬದಿಯಡ್ಕದ ಹತ್ತಿರ. ಮಗಳು ಕನ್ನಡ ಮಾಧ್ಯಮದಲ್ಲಿ ಎಂಟನೇ ಕ್ಲಾಸು. ಶಾಲೆಯಲ್ಲಿರುವ ಹಾಗೆ ಮನೆಯ ಲ್ಯಾಪ್‌ಟಾಪಿನಲ್ಲೂ ಲಿನಕ್ಸ್ ಬೇಕು ಎಂದು ಅವಳ ಹಠ. ನನಗೆ ಅಡಿಕೆ ಲೆಕ್ಕಕ್ಕೆ ವಿಂಡೋಸ್ ಬೇಕೇ ಬೇಕು, ಹಾಗಾಗಿ ಎರಡೂ ಇರಲಿ ಅಂತ ಹೊರಟೆ. ಪೆನ್‌ಡ್ರೈವಿನಿಂದ ಉಬುಂಟು ಎಂಬ ಲಿನಕ್ಸ್ ಶುರುವಾಗುತ್ತದೆ. ಆದರೆ ಇನ್‌ಸ್ಟಾಲ್ ಮಾಡಲು ಹೋದರೆ ಲ್ಯಾಪ್‌ಟಾಪಿನ ಡಿಸ್ಕೇ ಕಾಣುವುದಿಲ್ಲ. ಡಿಸ್ಕ್ ಹೋಗಿದೆ, ಹೊಸತು ಹಾಕಬೇಕು ಎನ್ನುತ್ತಾರೆ ಅಂಗಡಿಯವರು. ವಿಂಡೋಸ್ ಮಾತ್ರ ಆರಾಮಾಗಿ ನಡೆಯುತ್ತಾ ಉಂಟು. ಎಂತ ಮಾಡುವುದು?

ಉತ್ತರ: ಹೊಸ ಡಿಸ್ಕಿಗೆ ದುಡ್ಡು ಕೊಡಬೇಡಿ ಮಾರಾಯ್ರೇ. ಡಿಸ್ಕ್ ಹೋಗಿದ್ದರೆ ವಿಂಡೋಸ್ ಎಲ್ಲಿಂದ ನಡೆಯುತ್ತದೆ? ನಿಮ್ಮದು ಇಂಟೆಲ್ ಪ್ರೊಸೆಸರಿನ ಲ್ಯಾಪ್‌ಟಾಪ್ ಇರಬೇಕು. 11ನೇ ತಲೆಮಾರಿನಿಂದ ಈಚೆಗೆ ಬಂದ ಎಷ್ಟೋ ಮಾಡೆಲ್‌ಗಳಲ್ಲಿ ಡಿಸ್ಕ್ ನೇರವಾಗಿ ಕೈಗೆ ಸಿಗುವುದಿಲ್ಲ, ನಡುವೆ ವಿಎಂಡಿ ಎಂಬ ಇಂಟೆಲ್‌ನದೇ ಡಿಸ್ಕ್ ನಿಯಂತ್ರಕವೊಂದು ಕೂತಿರುತ್ತದೆ. ಹಳೆಯವುಗಳಲ್ಲಿ ಇದೇ ತಂಟೆ ಆರ್‌ಎಸ್‌ಟಿ ಅಥವಾ ರೇಡ್ ಎಂಬ ಹೆಸರಿನಲ್ಲಿ ಬರುತ್ತದೆ. ವಿಂಡೋಸಿನಲ್ಲಿ ಅದಕ್ಕೆ ಬೇಕಾದ ಡ್ರೈವರ್ ಮೊದಲೇ ಇರುತ್ತದೆ, ಲಿನಕ್ಸ್ ಇನ್‌ಸ್ಟಾಲರಿಗೆ ಎಷ್ಟೋ ಸಲ ದಾರಿ ತಿಳಿಯುವುದಿಲ್ಲ. ಬಯಾಸ್‌ಗೆ (ವಿಂಡೋಸ್ ಏಳುವ ಮೊದಲೇ ತೆರೆಯುವ, ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗಿನ ಪುಟ) ಹೋಗಿ ವಿಎಂಡಿ ಆಫ್ ಮಾಡಿದರೆ, ಇಲ್ಲವೇ ರೇಡ್ ಇದ್ದಲ್ಲಿ ಎಎಚ್‌ಸಿಐ ಎಂಬ ಸಾದಾ ಮೋಡ್ ಮಾಡಿದರೆ ಡಿಸ್ಕ್ ಕಾಣುತ್ತದೆ. ಕೆಲವು ಏಸರ್ ಮಾಡೆಲ್‌ಗಳಲ್ಲಿ ಬಯಾಸ್‌ನ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತುವ ತನಕ ಆ ಸಾಲೇ ಇರುವುದಿಲ್ಲ, ಹುಡುಕಿ ಹುಡುಕಿ ಸಾಕಾಗುತ್ತದೆ.

ಆದರೆ ಈಗಲೇ ಓಡಿ ಹೋಗಿ ಅದನ್ನು ಬದಲಿಸಬೇಡಿ. ಸುಮ್ನೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುತ್ತದೆ, ಆಮೇಲೆ ಅಡಿಕೆ ಲೆಕ್ಕ ಎಲ್ಲಿ ಅಂತ ನನ್ನನ್ನು ಕೇಳುತ್ತೀರಿ. ಮೊದಲು ಲೆಕ್ಕದ ಫೈಲುಗಳನ್ನು ಬೇರೆ ಕಡೆ ಕಾಪಿ ಮಾಡಿ. ಆಮೇಲೆ ಬಿಟ್‌ಲಾಕರ್ ನೋಡಿ. ವಿಂಡೋಸ್ 11ರಲ್ಲಿ ಎಷ್ಟೋ ಸಲ ನಾವು ಹೇಳದೆಯೇ ಡಿಸ್ಕಿಗೆ ಬೀಗ ಬಿದ್ದಿರುತ್ತದೆ. ಬಯಾಸ್ ಮುಟ್ಟಿದ ಕೂಡಲೇ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿಗೆ ಲಾಗಿನ್ ಆದರೆ ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ಕಾಗದದಲ್ಲಿ ಬರೆದುಕೊಳ್ಳಿ. ನಾನು ಒಮ್ಮೆ ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪಿನಲ್ಲೇ ಫೈಲ್ ಮಾಡಿ ಇಟ್ಟಿದ್ದೆ, ಪೆಟ್ಟಿಗೆಯ ಬೀಗದಕೈ ಪೆಟ್ಟಿಗೆಯೊಳಗೇ ಉಳಿದ ಕಥೆ. ಕೀ ಸಿಕ್ಕಿದ ಮೇಲೆ ಸೆಟ್ಟಿಂಗ್ಸಿನಲ್ಲಿ ಎನ್‌ಕ್ರಿಪ್ಶನ್ (ಅದೇ ಈ ಬೀಗ) ಆಫ್ ಮಾಡಿಬಿಡುವುದೇ ಸುಲಭ. ಡಿಸ್ಕ್ ದೊಡ್ಡದಿದ್ದರೆ ಅದು ಮುಗಿಯಲು ಗಂಟೆಗಟ್ಟಲೆ ಹಿಡಿಯಬಹುದು, ಚಾರ್ಜರ್ ಹಾಕಿಯೇ ಇರಲಿ.

ಇನ್ನು ಬಯಾಸ್ ಕೆಲಸ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಎಂಎಸ್‌ಕಾನ್ಫಿಗ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಬೂಟ್ ಟ್ಯಾಬಿನಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ. ರೀಸ್ಟಾರ್ಟ್ ಮಾಡುತ್ತಲೇ ಬಯಾಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿ ಸೇವ್ ಮಾಡಿ. ಈಗ ವಿಂಡೋಸ್ ಸೇಫ್ ಮೋಡಿನಲ್ಲಿ ಏಳುತ್ತದೆ, ಏಳುವಾಗಲೇ ಹೊಸ ಡ್ರೈವರ್ ಹಾಕಿಕೊಳ್ಳುತ್ತದೆ. ಆ ಟಿಕ್ ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿದರೆ ಆಯಿತು. ಸೇಫ್ ಮೋಡಿನಲ್ಲಿ ಕೆಲವೊಮ್ಮೆ ಪಿನ್ ನಡೆಯುವುದಿಲ್ಲ, ಅಕೌಂಟಿನ ಪಾಸ್‌ವರ್ಡ್ ನೆನಪಿರಲಿ.

ಲಿನಕ್ಸಿಗೆ ಜಾಗವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಬಿಡಿಸಿ, 50 ಜಿಬಿ ಧಾರಾಳ ಸಾಕು. ಪವರ್ ಆಪ್ಶನ್ಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಲಿನಕ್ಸಿನಿಂದ ನಿಮ್ಮ ಫೈಲುಗಳನ್ನು ತೆರೆದು ನೋಡಬಹುದು, ತಿದ್ದಲು ಬಿಡುವುದಿಲ್ಲ. ಇನ್‌ಸ್ಟಾಲರಿನಲ್ಲಿ ಡಿಸ್ಕ್ ಅಳಿಸುವ ಆಯ್ಕೆ ಬೇಡವೇ ಬೇಡ. 100 ಎಂಬಿ ಆಸುಪಾಸಿನ ಇಎಫ್‌ಐ ಎಂಬ ಚಿಕ್ಕ ಪಾರ್ಟಿಶನ್ ಕಂಡರೆ ಫಾರ್ಮ್ಯಾಟ್ ಮಾಡಬೇಡಿ, ಎರಡೂ ಅಲ್ಲಿಂದಲೇ ಏಳಬೇಕು.

ಕೇರಳದ ಶಾಲೆಗಳಲ್ಲಿರುವ ಕೈಟ್‌ನ (ಶಾಲೆಗಳ ಐಟಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಲಿನಕ್ಸ್ ಕೂಡ ಉಬುಂಟು ಮೇಲೆ ಕಟ್ಟಿದ್ದೇ. ಹಾಗಾಗಿ ಒಮ್ಮೆ ಡಿಸ್ಕ್ ಕಾಣುವ ಹಾಗೆ ಮಾಡಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಉಳಿದದ್ದಕ್ಕೆ ಅಂಗಡಿಯವರು ಬೇಕಾಗಲಿಕ್ಕಿಲ್ಲ.

ಪ್ರಶ್ನೆ: ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಚೆನ್ನಾಗಿತ್ತು. ವಿಂಡೋಸ್ ಅಪ್‌ಡೇಟ್ ಆದ ಮೇಲೆ ಲಿನಕ್ಸ್ ಮೆನುವೇ ಬರುತ್ತಿಲ್ಲ, ಎಲ್ಲಾ ಹೋಯ್ತಾ? ಇನ್ನೊಂದು, ಲಿನಕ್ಸ್ ಬಳಸಿದ ಮೇಲೆ ವಿಂಡೋಸಿನಲ್ಲಿ ಗಡಿಯಾರ ತಪ್ಪುತ್ತಿತ್ತು. (ತಾಳವಾಡಿ, ಈರೋಡ್ ಜಿಲ್ಲೆ)

ಉತ್ತರ: ಏನೂ ಹೋಗಿರುವುದಿಲ್ಲ. ಅಪ್‌ಡೇಟ್ ತನ್ನ ಹೆಸರನ್ನು ಸಾಲಿನ ಮುಂದೆ ತಂದುಕೊಂಡಿದೆ, ಅಷ್ಟೇ. ಬಯಾಸ್‌ನ ಬೂಟ್ ಆರ್ಡರಿನಲ್ಲಿ ಉಬುಂಟುವನ್ನು ಮೇಲಕ್ಕೆ ತನ್ನಿ. ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಇತ್ತು, ಅಲ್ವಾ? ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯದಲ್ಲಿ, ಇಡುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಎಂದುಕೊಳ್ಳುತ್ತದೆ. ಲಿನಕ್ಸಿನ ಟರ್ಮಿನಲ್ಲಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಕೊಡಿ, ಜಗಳ ಮುಗಿಯುತ್ತದೆ.

ಪ್ರಶ್ನೆ: ಹಳೆ ಲ್ಯಾಪ್‌ಟಾಪಿಗೆ ಮಿಂಟ್ ಎಂಬ ಲಿನಕ್ಸ್ ಹಾಕುತ್ತಿದ್ದೇನೆ. ಒಮ್ಮೆ 30 ಪರ್ಸೆಂಟಿಗೆ ನಿಲ್ಲುತ್ತದೆ, ಒಮ್ಮೆ 80ಕ್ಕೆ. ಮಳೆಗಾಲ ಪೂರ್ತಿ ಕಪಾಟಿನಲ್ಲಿ ಇಟ್ಟಿದ್ದೆ. (ಮಂಜೇಶ್ವರ)

ಉತ್ತರ: ಸಮುದ್ರದ ಗಾಳಿ, ಆಟಿ ತಿಂಗಳ ಮಳೆ, ಮುಚ್ಚಿದ ಕಪಾಟು. ಬಟ್ಟೆಗೇ ಬೂಸು ಬರುತ್ತದೆ, ರ‍್ಯಾಮ್ ಬಿಡುತ್ತದಾ? ಪ್ರತಿ ಸಲ ಒಂದೇ ಕಡೆ ನಿಂತರೆ ನಾನು ಡೌನ್‌ಲೋಡ್ ಮಾಡಿದ ಫೈಲಿನ ಮೇಲೆ ಅನುಮಾನಪಡುತ್ತೇನೆ. ಬೇರೆ ಬೇರೆ ಕಡೆ ನಿಂತರೆ ರ‍್ಯಾಮ್ ಅಥವಾ ಪೆನ್‌ಡ್ರೈವ್. ಮೊದಲು ಬೇರೆ ಪೆನ್‌ಡ್ರೈವ್ ಹಾಕಿ ನೋಡಿ, ಖರ್ಚಿಲ್ಲ. ಆಗಲೂ ನಿಂತರೆ ಚಾರ್ಜರ್ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿ ಕಳಚಿ, ರ‍್ಯಾಮಿನ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ. ರಬ್ಬರಿನ ಪುಡಿ ಸ್ಲಾಟಿಗೆ ಬೀಳದಿರಲಿ. ಎರಡು ರ‍್ಯಾಮ್ ಇದ್ದರೆ ಒಂದೊಂದನ್ನೇ ಹಾಕಿ, ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86+ ಎಂಬ ಪ್ರೋಗ್ರಾಂ ಒಂದು ರಾತ್ರಿ ಓಡಿಸಿ. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಕಂಡರೂ ಆ ರ‍್ಯಾಮ್ ಬೇಡ.